ಒಡೆಯರಿರುವ ಕುರ್ಚಿಗಳು

ಮಹಾರಾಷ್ಟ್ರದ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಡ್ರಾಯಿಂಗ್ ಪರೀಕ್ಷೆಗೆ ಕೂರುವ, ಠಾಣೆ ಜಿಲ್ಲೆಯ ಶಹಾಡಿನ ಮಕ್ಕಳು ವಸ್ತುಚಿತ್ರವೆಂದರೆ ಹೂಜಿ, ಬಾಟಲಿ, ಹಣ್ಣು ಎಂದೇ ಕಲಿಯುತ್ತಾರೆ. ನೆರಳು ಬೆಳಕಿನ ಅಭ್ಯಾಸಕ್ಕೆ ಅದು ಒಳ್ಳೆಯದೇ. ಆದರೆ ಆ ಹೂಜಿ ಯಾರದೂ ಅಲ್ಲ, ಪರೀಕ್ಷೆಗೆಂದೇ ತಂದಿಟ್ಟದ್ದು. ಮನೆಯ ಕುರ್ಚಿ, ಮಂಚ, ಕಪಾಟುಗಳಿಗೆ ಒಡೆಯರಿದ್ದಾರೆ. ಚಿತ್ರಕ್ಕೆ ಅವೇ ಹೆಚ್ಚು ತಕ್ಕವು ಎಂದು ನಾನು ನಂಬುತ್ತೇನೆ.

ಕುರ್ಚಿಯಲ್ಲಿ ಬರೆಯುವಂಥದ್ದೇನಿದೆ ಎಂದು ಕೇಳುವವರಿದ್ದಾರೆ. ಮೈಸೂರು ಶೈಲಿಯ ಚಿತ್ರಗಳಲ್ಲಿ ಪೀಠಕ್ಕೆ ಚಿನ್ನದ ರೇಕು ಸಲ್ಲುವುದು ಅದರ ಮೇಲೆ ಕೂತ ದೇವರ, ದೊರೆಯ ಗೌರವಕ್ಕಾಗಿ. ಆದರೆ ಕೂತವರಿಲ್ಲದ ಕುರ್ಚಿಯೂ ಮನುಷ್ಯನನ್ನು ಹೇಳಬಲ್ಲದು ಎಂದು ಚಿತ್ರಕಾರ ವ್ಯಾನ್ ಗೋ 1888ರಲ್ಲಿ ತೋರಿಸಿದ. ತನ್ನದು ಹುಲ್ಲು ಹೆಣೆದ ಸಾದಾ ಕುರ್ಚಿ, ಮೇಲೆ ಪೈಪು, ತಂಬಾಕು. ಗೆಳೆಯ ಗೋಗ್ಯಾನ್‌ನದೆಂದು ಬರೆದದ್ದು ಕೈಗಳಿರುವ ಕುರ್ಚಿ, ಅದರ ಮೇಲೆ ಉರಿಯುವ ಮೇಣದಬತ್ತಿ, ಪುಸ್ತಕ. ಇಬ್ಬರ ಸ್ವಭಾವದ ಅಂತರ ಅಷ್ಟರಲ್ಲೇ ಕಾಣುತ್ತದೆ.

ಒಂದು ಕೋಣೆ, ಒಂದು ಅಡಿಗೆಮನೆಯಷ್ಟೇ ಇರುವ ಶಹಾಡಿನ ಮನೆಯಲ್ಲಿ ದಿವಾನ್ ಹಗಲಿಗೆ ಬಂದವರ ಆಸನ, ಸಂಜೆ ಮಗುವಿನ ಹೋಂವರ್ಕಿನ ಜಾಗ, ರಾತ್ರಿ ಅಜ್ಜನ ಹಾಸಿಗೆ. ಗೋದ್ರೆಜ್ ಕಂಪನಿ 1923ರಿಂದ ಮಾಡುತ್ತ ಬಂದ ಉಕ್ಕಿನ ಕಪಾಟು ನೋಡಲು ಎಲ್ಲ ಮನೆಯಲ್ಲೂ ಒಂದೇ ಥರ. ಆದರೆ ಹಿಡಿಕೆಯ ಸುತ್ತ ಸವೆದ ಬಣ್ಣ, ಕನ್ನಡಿಯಂಚಿಗೆ ಅಂಟಿಸಿದ ಬೊಟ್ಟುಗಳು ಆ ಮನೆಯವೇ. ಪಕ್ಕದ ಉಲ್ಲಾಸನಗರದ ಅಂಗಡಿಯಲ್ಲಿರುವ ಹೊಸ ಸೋಫಾ ಬರೆದರೆ ಅದು ಕ್ಯಾಟಲಾಗ್ ಆದೀತು. ಹತ್ತು ವರ್ಷ ಜನ ಕೂತು ಎದ್ದ ಮೇಲೆ ಅದೇ ಸೋಫಾ ಚಿತ್ರಕ್ಕೆ ಒದಗುತ್ತದೆ.

ಪೀಠೋಪಕರಣ ಬರೆಯುವುದು ಕೈಗೂ ಕಠಿಣ ಪಾಠ. ಮರದ ಕೊಂಬೆ ಒಂದಿಷ್ಟು ಓರೆಯಾದರೆ ಯಾರೂ ಕೇಳುವುದಿಲ್ಲ. ಕುರ್ಚಿಯ ಕಾಲು ತಪ್ಪಿದರೆ ಅದು ನೆಲದ ಮೇಲೆ ನಿಲ್ಲುವುದೇ ಇಲ್ಲ. ಕಾಲುಗಳನ್ನು ಬಿಟ್ಟು ಅವುಗಳ ನಡುವಿನ ಖಾಲಿ ಜಾಗದ ಆಕಾರ ಬರೆಯಲು ಹೊರಟಾಗ ಕಣ್ಣು ನಿಜಕ್ಕೂ ನೋಡತೊಡಗುತ್ತದೆ. ಮೊಬೈಲಿನಲ್ಲಿ ಫೋಟೊ ತೆಗೆದರೆ ಸಾಲದೇ ಎನ್ನಬಹುದು. ಫೋಟೊಗೆ ಕ್ಷಣ ಸಾಕು. ಬರೆಯುವವನು ಗಂಟೆಗಟ್ಟಲೆ ಎದುರು ಕೂತು ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು ಎಂದು ಗೆರೆಗೆರೆಗೂ ತೀರ್ಮಾನಿಸಬೇಕು.

ಠಾಣೆಯಲ್ಲಿ ರೇಡಿಯಾಲಜಿಸ್ಟ್ ಆಗಿ ದುಡಿಯುತ್ತಲೇ ಸುಧೀರ್ ಪಟವರ್ಧನ್ ಈ ಕಡೆಯ ಬೀದಿಗಳನ್ನೂ ದುಡಿಯುವ ಜನರನ್ನೂ ಕ್ಯಾನ್ವಾಸಿಗೆ ತಂದರು. ಅಂಥ ಗಮನ ಬಾಗಿಲ ಒಳಗಿನ ಬದುಕಿಗೂ ಸಲ್ಲಬೇಕು. ಪರೀಕ್ಷೆಗೆ ತಯಾರು ಮಾಡಿಸುವ ಶಿಕ್ಷಕರು ಒಂದು ವಾರ ಹೂಜಿಯನ್ನು ಬದಿಗಿಟ್ಟು, ಮನೆಯಲ್ಲಿ ದಿನಾ ಬಳಸುವ ಒಂದು ಪೀಠೋಪಕರಣ ಬರೆದು ತರಲು ಹೇಳಲಿ. ಅದನ್ನು ಬಳಸುವವರು ಯಾರೆಂದು ಚಿತ್ರ ನೋಡಿಯೇ ತರಗತಿಯ ಉಳಿದ ಮಕ್ಕಳು ಊಹಿಸಲಿ.