ಕೋಡ್ ಬರೆದರೆ ಮುಗೀತಾ?

‘ಗಿಟ್‌ಹಬ್‌ನಲ್ಲಿ ಹಾಕಿದೀನಿ, ಬೇಕಾದವರು ಬಿಲ್ಡ್ ಮಾಡ್ಕೊಳ್ಳಲಿ’ ಅನ್ನೋ ಎಂಜಿನಿಯರ್‌ಗಳನ್ನ ಕಂಡ್ರೆ ನನಗೆ ಸಿಟ್ಟು ಬರುತ್ತೆ. ಮುಂಡರಗಿಯ ಮೇಷ್ಟ್ರು ಕಂಪೈಲರ್ ಜೊತೆ ಗುದ್ದಾಡಬೇಕಾ? ಹತ್ತಿ ಕೈಗಿಟ್ಟು ‘ಉಟ್ಕೊಳ್ರಿ’ ಅಂದಂಗಾಯ್ತು. ಹತ್ತಿಗೂ ಸೀರೆಗೂ ನಡುವೆ ಎಷ್ಟು ಕೆಲಸ ಇದೆ ಅಂತ ಬೆಟಗೇರಿಯ ನೇಕಾರರನ್ನ ಕೇಳಿ.

ಡೆಬಿಯನ್‌ನಲ್ಲಿ ಒಂದು ಸಾಲು ಟೈಪ್ ಮಾಡಿದ್ರೆ ಗುಬ್ಬಿ, ನವಿಲು ಫಾಂಟ್ ಬರೋದು ಯಾರೋ ಕೂತು ಪ್ಯಾಕೇಜ್ ಮಾಡಿದ್ದಕ್ಕೆ. ‘ಬಿಲ್ಡ್ ಎಲ್ಲ ಆಟೋಮ್ಯಾಟಿಕ್ ಅಲ್ವಾ?’ ಅಂತೀರಿ. ಹೌದು, ಇಂಟೆಲ್, ಆರ್ಮ್ ಎಲ್ಲಕ್ಕೂ ಸರ್ವರ್‌ಗಳೇ ಬಿಲ್ಡ್ ಮಾಡ್ತವೆ. ಆದರೆ ಯಾವ ಲೈಬ್ರರಿ ಬೇಕು, ಲೈಸೆನ್ಸ್ ಏನು, ಬಿಲ್ಡ್ ಯಾಕೆ ಮುರೀತು ಅಂತ ನೋಡೋದು ಮನುಷ್ಯರೇ. 2024ರಲ್ಲಿ ‘ಎಕ್ಸ್‌ಝಡ್’ ಒಳಗೆ ಹಿಂಬಾಗಿಲು ಸೇರಿಸಿದಾಗ ಯಂತ್ರಗಳು ಅದನ್ನೂ ತೆಪ್ಪಗೆ ಬಿಲ್ಡ್ ಮಾಡಿದ್ವು. ಲಾಗಿನ್ ಅರ್ಧ ಸೆಕೆಂಡ್ ತಡ ಆಗ್ತಿದೆಯಲ್ಲ ಅಂತ ಬೆನ್ನು ಹತ್ತಿ ಹಿಡಿದದ್ದು ಆಂಡ್ರೆಸ್ ಫ್ರಾಯಿಂಡ್ ಅನ್ನೋ ಒಬ್ಬ ಎಂಜಿನಿಯರ್.

ಗದಗ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲೇ ರೈತರ ಸಹಕಾರ ಸಂಘ ಹುಟ್ಟಿತು. ಸದಸ್ಯರು ಪಾಲು ಹಾಕಿದ್ರೇನೇ ಸಂಘ. ನಮಗೆ ಸಂಬಳ ಕೊಡೋ ಸರ್ವರ್‌ಗಳು ಲಿನಕ್ಸ್ ಮೇಲೆ ಓಡ್ತವೆ, ನಮ್ಮ ಪಾಲು ಸೊನ್ನೆ! ಡೆಬಿಯನ್‌ನಲ್ಲಿ ನೋಡ್ಕೊಳ್ಳೋರಿಲ್ಲದ ಅನಾಥ ಪ್ಯಾಕೇಜ್‌ಗಳ ಪಟ್ಟಿಯೇ ಇದೆ. ಒಂದನ್ನ ದತ್ತು ತಗೊಳ್ರಿ, ಆಮೇಲೆ ಓಪನ್ ಸೋರ್ಸ್ ಬಗ್ಗೆ ಭಾಷಣ ಮಾಡೋಣಂತ.