ಹಳೆ ಗುಳಿಗೆ, ಹೊಸ ಜೋಡಿ

ಹೊಸ ಔಷಧ ಕಂಡುಹಿಡಿಯಲು ವರ್ಷಗಟ್ಟಲೆ ಬೇಕು. ಇರುವ ಎರಡನ್ನು ಜೋಡಿಸಿದರೆ ದಾರಿ ಹತ್ತಿರ. ಕೆಮ್ಮಿನ ಸಿರಪ್ಪಿನ ಡೆಕ್ಸ್‌ಟ್ರೊಮೆಥಾರ್ಫಾನ್‌ಗೆ ಹಳೆಯ ಬುಪ್ರೊಪಿಯಾನ್ ಬೆರೆಸಿದ ಮಾತ್ರೆಯನ್ನು ಖಿನ್ನತೆಗೆ ಕೊಡಲು ಅಮೆರಿಕ 2022ರಲ್ಲಿ ಒಪ್ಪಿತು. ಮರೆವಿನ ಕಾಯಿಲೆಗೆ ಡೊನೆಪೆಜಿಲ್–ಮೆಮಾಂಟಿನ್ ಜೋಡಿ ಅದಕ್ಕೂ ಮೊದಲೇ ಬಂದಿದೆ. ಅದು ಲಕ್ಷಣಗಳನ್ನು ತುಸು ಹಗುರಗೊಳಿಸುತ್ತದೆ, ಅಷ್ಟೆ, ರೋಗವನ್ನು ನಿಲ್ಲಿಸದು.

ವಿಜಯಪುರ ಜಿಲ್ಲೆಯ ಮೋರಟಗಿಯಂಥ ಊರುಗಳ ಚಿಂತೆ ಬೇರೆ. ಮಳೆ ಕೈಕೊಟ್ಟು ತೊಗರಿ ಒಣಗಿ, ಸಾಲದ ಕಂತು ಎದುರು ನಿಂತಾಗ ನಿದ್ದೆಗೆಟ್ಟವರು ಚೀಟಿ ಇಲ್ಲದೆಯೇ ಔಷಧ ಅಂಗಡಿಯಲ್ಲಿ ನಿದ್ದೆ ಗುಳಿಗೆ ಕೇಳುವುದುಂಟು. ಆಲ್‌ಪ್ರಜೋಲಾಮ್‌ನಂಥವು ಹಿರಿಯರ ನೆನಪನ್ನೇ ಮಂಕಾಗಿಸುತ್ತವೆ. ಅಲರ್ಜಿಯ ಕೆಲವು ಹಳೆ ಮಾತ್ರೆಗಳಂತೂ ಡೊನೆಪೆಜಿಲ್‌ನ ಕೆಲಸಕ್ಕೇ ಅಡ್ಡಗಾಲು. ಮನೆಯವರು ಈ ಮರೆವನ್ನೆಲ್ಲ ‘ವಯಸ್ಸಾಯ್ತಲ್ಲ’ ಎಂದು ತಳ್ಳಿಹಾಕುತ್ತಾರೆ! ಜೋಡಿಸಿದ್ದೆಲ್ಲ ಮದ್ದೂ ಅಲ್ಲ: 2024ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 156 ಸಂಯುಕ್ತ ಔಷಧಗಳನ್ನು ನಿಷೇಧಿಸಿತು.

ನಿಮ್ಹಾನ್ಸ್ ಜತೆಗೂಡಿ ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಮೆದುಳಿನ ಆರೋಗ್ಯ ಕಾರ್ಯಕ್ರಮ ಸಿಂದಗಿ, ಇಂಡಿಯ ತಾಲೂಕು ಆಸ್ಪತ್ರೆಗಳವರೆಗೂ ಗಟ್ಟಿಯಾಗಿ ಇಳಿಯಬೇಕು. ಓದುಗರಿಗೊಂದು ಮಾತು: ವೈದ್ಯರ ಬಳಿ ಹೋಗುವಾಗ ಮನೆಯಲ್ಲಿರುವ ಎಲ್ಲ ಗುಳಿಗೆಗಳನ್ನೂ ಒಯ್ದು ತೋರಿಸಿ. ಮನಸ್ಸು ಕುಗ್ಗಿದಾಗ ಟೆಲಿ-ಮಾನಸ್ ಸಹಾಯವಾಣಿಯ 14416ಕ್ಕೆ ಕರೆ ಮಾಡಿ, ಅದು ಉಚಿತ.