ಚೀಲ ಹೊರುವುದೂ ಒಂದು ಪಾಠ

ಪಾಠಯೋಜನೆಯ ಮೌಲ್ಯಗಳ ಅಂಕಣದಲ್ಲಿ ‘ಸಮಾನತೆ’ ಎಂದು ಬರೆದ ಮಾತ್ರಕ್ಕೆ ಅದು ತರಗತಿಗೆ ಬರುವುದಿಲ್ಲ. ಶಾಲೆಯ ದಿನಚರಿಯಲ್ಲಿ ಅದಕ್ಕೆ ಜಾಗವಿರಬೇಕು ಎಂಬುದು ನನ್ನ ಅಭಿಪ್ರಾಯ. ಜಪಾನಿನ ಗಾಕುಶೂಇನ್ ಸಂಸ್ಥೆಯ ಚರಿತ್ರೆ ಇದಕ್ಕೆ ಒಳ್ಳೆಯ ನಿದರ್ಶನ.

ಇಂದು ಅದು ಟೋಕಿಯೋದಲ್ಲಿರುವ ಖಾಸಗಿ ವಿಶ್ವವಿದ್ಯಾಲಯ. ಅದರ ಮೂಲ, 1847ರಲ್ಲಿ ಕ್ಯೋಟೋದಲ್ಲಿ ಆಸ್ಥಾನದ ಕುಲೀನರ ಮಕ್ಕಳಿಗಾಗಿ ತೆರೆದ ಶಾಲೆ. 1877ರಲ್ಲಿ ಟೋಕಿಯೋದಲ್ಲಿ ಅದೇ ಹೆಸರಿನಲ್ಲಿ ಹೊಸದಾಗಿ ಆರಂಭವಾಗಿ, ಮುಂದೆ ಅರಮನೆಯ ಇಲಾಖೆಯ ಅಧೀನಕ್ಕೆ ಬಂತು. ಅಲ್ಲಿಗೆ ಮಕ್ಕಳು ಕುದುರೆಗಾಡಿ, ರಿಕ್ಷಾಗಳಲ್ಲಿ ಬರುತ್ತಿದ್ದರು. ಪುಸ್ತಕ ಹೊರಲು ಆಳುಗಳಿರುತ್ತಿದ್ದರು. 1885ರಲ್ಲಿ ಶಾಲೆ ಇದನ್ನು ನಿಲ್ಲಿಸಿತು. ಪ್ರತಿ ಮಗುವೂ ತನ್ನ ಸಾಮಾನನ್ನು ಸೈನಿಕರ ಮಾದರಿಯ ಬೆನ್ನುಚೀಲದಲ್ಲಿ ತಾನೇ ಹೊತ್ತು ತರಬೇಕಾಯಿತು. ಎರಡು ವರ್ಷಗಳ ನಂತರ, ಮುಂದೆ ತೈಶೋ ಚಕ್ರವರ್ತಿಯಾದ ರಾಜಕುಮಾರ ಶಾಲೆಗೆ ಸೇರಿದಾಗ ಪ್ರಧಾನಿ ಇತೋ ಹಿರೊಬುಮಿ ಅವನಿಗೆ ಪೆಟ್ಟಿಗೆಯಾಕಾರದ ಚರ್ಮದ ಚೀಲವನ್ನು ಉಡುಗೊರೆ ಕೊಟ್ಟರಂತೆ. ಇಂದು ಜಪಾನಿನ ಪ್ರಾಥಮಿಕ ಶಾಲಾ ಮಕ್ಕಳ ಬೆನ್ನಿನ ಮೇಲೆ ಕಾಣುವ ‘ರಾಂದೊಸೆರು’ ಆ ಪರಂಪರೆಯದೇ.

ಇದನ್ನು ಹೊಗಳಿ ಬಿಡುವಂತಿಲ್ಲ. ಅದು ಮುಖ್ಯವಾಗಿ ಉಳ್ಳವರ ಮಕ್ಕಳ ನಡುವಿನ ಸಮಾನತೆಯಾಗಿತ್ತು. 1947ರಲ್ಲಿ ಹೊಸ ಸಂವಿಧಾನ ಕುಲೀನ ಪದವಿಗಳನ್ನು ರದ್ದುಮಾಡಿತು. ಸಂಸ್ಥೆಯೂ ಅದೇ ವರ್ಷ ಖಾಸಗಿಯಾಯಿತು. 1949ರಲ್ಲಿ ವಿಶ್ವವಿದ್ಯಾಲಯ ಆರಂಭವಾಯಿತು. ಆ ಬಳಿಕ ಅಲ್ಲಿ ರಾಜವಂಶದವರ ಜೊತೆ ಸಾಮಾನ್ಯರ ಮಕ್ಕಳೂ ಓದಿದ್ದಾರೆ. ಇತ್ತ ಸಮಾನತೆಗೆಂದು ಬಂದ ಚೀಲವೇ ಹತ್ತಾರು ಸಾವಿರ ಯೆನ್ ಬೆಲೆ ಬಾಳುವ ವಸ್ತುವಾಗಿದೆ! ಯಾವ ನಿಯಮವಾದರೂ ಅಷ್ಟೇ, ಅದರ ಉದ್ದೇಶವನ್ನು ಶಿಕ್ಷಕರು ಮತ್ತೆಮತ್ತೆ ಪರಿಶೀಲಿಸುತ್ತಿರಬೇಕು.

ಪ್ರಶಿಕ್ಷಣಾರ್ಥಿಗಳು ಗಮನಿಸಬೇಕಾದದ್ದು ಇಷ್ಟು: ಆ ಶಾಲೆ ಸಮಾನತೆಯ ಬಗ್ಗೆ ಭಾಷಣ ಮಾಡಿ ಸುಮ್ಮನಾಗಲಿಲ್ಲ, ಮಗುವಿನ ಕೈಗೆ ಒಂದು ಕೆಲಸ ಕೊಟ್ಟಿತು. ನಮ್ಮ ಬೋಧನಾಭ್ಯಾಸದ ವೀಕ್ಷಣೆಯಲ್ಲಿ ಧ್ವನಿ, ಕಪ್ಪುಹಲಗೆ ಬರಹ, ಬೋಧನೋಪಕರಣಗಳಿಗೆ ಗಮನ ಸಿಗುತ್ತದೆ. ಕಸ ಗುಡಿಸಿದವರು ಯಾರು, ನೀರು ತಂದವರು ಯಾರು, ಪ್ರಶ್ನೆ ಯಾರ ಕಡೆಗೆ ಹೋಯಿತು, ಹಿಂದಿನ ಬೆಂಚಿನಲ್ಲಿ ದಿನವೂ ಕೂರುವವರು ಯಾರು ಎಂಬುದಕ್ಕೂ ಅಷ್ಟೇ ಗಮನ ಸಿಗಬೇಕು. ಮಾರ್ಗದರ್ಶಕರು ಪಾಠದ ನಂತರದ ಚರ್ಚೆಯಲ್ಲಿ ಈ ನಾಲ್ಕು ಪ್ರಶ್ನೆಗಳನ್ನು ತಪ್ಪದೆ ಕೇಳಲಿ.

‘ಗಾಕುಶೂ’ ಎಂಬ ಹೆಸರಿನಲ್ಲಿ ಎರಡು ಅಕ್ಷರಗಳಿವೆ: ಒಂದು ಕಲಿಕೆ, ಇನ್ನೊಂದು ಅಭ್ಯಾಸ. ಮೌಲ್ಯ ಶಿಕ್ಷಣಕ್ಕೆ ಎರಡನೆಯದಿಲ್ಲದೆ ಮೊದಲನೆಯದು ದಕ್ಕದು.